ಕೆರೆಗೆ ಸೊಪ್ಪು ಸುರಿಯುವ ಮೊದಲು

ಮಾನ್ಯ ಸಂಪಾದಕರೇ,

ಮೀನಿಗೆ ಬರುವ ರೋಗಗಳಿಗೆ ಬೇವು, ಅರಿಶಿನ, ಬೆಳ್ಳುಳ್ಳಿಗಳೇ ಸಾಕು, ಅವುಗಳಿಂದ ಅಡ್ಡಪರಿಣಾಮವೂ ಇಲ್ಲ ಎಂಬ ಅಭಿಪ್ರಾಯದ ಬರಹವೊಂದನ್ನು ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಇತ್ತೀಚೆಗೆ ಓದಿದೆ. ವಿರಾಜಪೇಟೆ ತಾಲ್ಲೂಕಿನಲ್ಲಿ ಕಾಫಿ ತೋಟ ಮಾಡಿಕೊಂಡು, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ಸ್ಪ್ರಿಂಕ್ಲರ್‌ಗೆ ನೀರಿರಲಿ ಎಂದು ತೋಡಿಸಿದ ಎರಡು ಕೆರೆಗಳಲ್ಲಿ 17 ವರ್ಷಗಳಿಂದ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳನ್ನು ಸಾಕುತ್ತಿರುವ ನನಗೆ ಆ ಬರಹದ ಮೊದಲ ಮಾತು ಅರ್ಧ ಒಪ್ಪಿಗೆಯಾಯಿತು, ಎರಡನೆಯ ಮಾತು ಸ್ವಲ್ಪವೂ ಆಗಲಿಲ್ಲ. ಗಿಡಮೂಲಿಕೆಗಳನ್ನು ನಾನೂ ಬಳಸುತ್ತೇನೆ, ಮುಂದೆಯೂ ಬಳಸುತ್ತೇನೆ. ಆದರೆ ಅವು ಔಷಧಿಗಳೇ ಆಗಿದ್ದಲ್ಲಿ ಅವುಗಳಿಗೂ ರೋಗದ ಗುರುತು, ಅಳತೆ ಮತ್ತು ಕಾಲ ಬೇಕು. ಇವು ಮೂರೂ ಬೇಡವೆನ್ನುವವರು ಸೊಪ್ಪನ್ನು ಔಷಧಿಯೆಂದು ನಂಬಿಲ್ಲವೆಂದೇ ನಾನು ತಿಳಿಯುತ್ತೇನೆ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆ ಬಿಡುವಿಲ್ಲದೆ ಹೊಯ್ಯುತ್ತಿದ್ದಾಗ ಚಿಕ್ಕ ಕೆರೆಯ ಮೀನುಗಳ ಮೈಮೇಲೆ ಅಲ್ಲಲ್ಲಿ ಕೆಂಪು ಕಲೆಗಳು ಕಾಣಿಸಿಕೊಂಡವು. ಪರಿಚಿತರೊಬ್ಬರು ಬೇವಿನ ಸೊಪ್ಪನ್ನು ಮೂಟೆ ಕಟ್ಟಿ ನೀರಿನಲ್ಲಿ ಮುಳುಗಿಸಿಡಿ ಎಂದರು. ನಮ್ಮ ಮಳೆಯ ಸೀಮೆಯಲ್ಲಿ ಬೇವಿನ ಮರ ಅಪರೂಪವಾದ್ದರಿಂದ ಹುಣಸೂರಿನ ಕಡೆಗೆ ಹೋಗಿಬರುವ ಜೀಪಿನಲ್ಲಿ ಆರು ಗೋಣಿಚೀಲ ಸೊಪ್ಪು ತರಿಸಿ, ಕಡಿಮೆಯಾಗುವುದು ಬೇಡವೆಂದು ಆರನ್ನೂ ಇಳಿಸಿದೆ. ಐದನೆಯ ದಿನ ಬೆಳಗಿನ ಜಾವ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದುಕೊಂಡು ನಿಂತಿದ್ದವು. ಮಧ್ಯಾಹ್ನದ ಹೊತ್ತಿಗೆ ಎಲ್ಲಕ್ಕಿಂತ ದೊಡ್ಡ ಕಾಟ್ಲಾಗಳೇ ಮೊದಲಾಗಿ ಹೊಟ್ಟೆ ಮೇಲೆ ಮಾಡಿ ತೇಲಿದವು. ರೋಗವೇ ಉಲ್ಬಣಿಸಿತೆಂದು ನಾನು ಇನ್ನಷ್ಟು ಬೇವು ತರಿಸಲು ಹೊರಟಿದ್ದೆ. ತೋಟಕ್ಕೆ ಬಂದಿದ್ದ, ಮೀನುಗಾರಿಕೆ ಓದಿದ ಬಂಧುವೊಬ್ಬರು ಮೂಟೆಗಳನ್ನು ಎಳೆಸಿ, ಪಂಪು ಹಚ್ಚಿ ಕೆರೆಯ ನೀರನ್ನೇ ಎತ್ತರದಿಂದ ಕೆರೆಗೆ ಸುರಿಸಿದ ಮೇಲೆ ಉಳಿದ ಮೀನುಗಳು ಉಳಿದವು.

ನಡೆದದ್ದು ಸರಳವಾದ ಸಂಗತಿ. ಕೆರೆಯ ನೀರಿಗೆ ಪ್ರಾಣವಾಯುವಿನ ಹೆಚ್ಚಿನ ಪಾಲನ್ನು ಒದಗಿಸುವುದು ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳುವ ಹಸಿರು ಪಾಚಿ. ವಾರಗಟ್ಟಲೆ ಮೋಡ ಮುಚ್ಚಿದ ಮಳೆಗಾಲದಲ್ಲಿ ಆ ಆದಾಯ ಕುಸಿಯುತ್ತದೆ, ಆದರೆ ರಾತ್ರಿಯಿಡೀ ಮೀನು, ಪಾಚಿ, ತಳದ ಕೆಸರು ಎಲ್ಲವೂ ಸೇರಿ ಮಾಡುವ ಖರ್ಚು ನಿಲ್ಲುವುದಿಲ್ಲ. ಅಂಥ ಕೆರೆಗೆ ನಾನು ಕೊಳೆಯುವ ಸೊಪ್ಪನ್ನು ಮೂಟೆಗಟ್ಟಲೆ ತುಂಬಿದ್ದೆ. ಕೊಳೆಸುವ ಜೀವಾಣುಗಳು ಅಳಿದುಳಿದ ಪ್ರಾಣವಾಯುವನ್ನು ಕುಡಿದು ಮುಗಿಸಿದವು. ಬೆಳಗಿನ ಜಾವ ಮೀನು ಬಾಯಿ ತೆರೆದು ಮೇಲೆ ನಿಲ್ಲುವುದು, ದೊಡ್ಡವು ಮೊದಲು ಸಾಯುವುದು ಉಸಿರು ಕಟ್ಟಿದ್ದರ ಲಕ್ಷಣಗಳೇ ಹೊರತು ರೋಗದ ಲಕ್ಷಣಗಳಲ್ಲ ಎಂಬುದು ನನಗೆ ಗೊತ್ತಾಗುವ ಹೊತ್ತಿಗೆ ಆ ವರ್ಷದ ಫಸಲಿನ ಮುಕ್ಕಾಲು ಪಾಲು ತೋಟದ ಗೊಬ್ಬರದ ಗುಂಡಿ ಸೇರಿತ್ತು.

ಕೊಡಗಿನವರಿಗೆ ಸೊಪ್ಪಿನ ಮದ್ದಿನ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಕಕ್ಕಡ 18ರಂದು ಮದ್ದು ಸೊಪ್ಪಿನ ಪಾಯಸ ಮಾಡದ ಮನೆ ನಮ್ಮಲ್ಲಿ ಕಡಿಮೆ. ಆ ದಿನ ಅದರಲ್ಲಿ 18 ಬಗೆಯ ಔಷಧಿ ಸೇರಿರುತ್ತದೆಂಬ ನಂಬಿಕೆಯ ಸತ್ಯಾಸತ್ಯತೆ ಏನೇ ಇರಲಿ, ಕಾಡಿನಲ್ಲಿ ವರ್ಷವಿಡೀ ಇರುವ ಗಿಡಕ್ಕೆ ನಮ್ಮ ಹಿರಿಯರು ಒಂದು ದಿನವನ್ನು, ಒಂದು ಪಾತ್ರೆಯ ಅಳತೆಯನ್ನು ಗೊತ್ತುಮಾಡಿದ್ದರು ಎಂಬುದು ಗಮನಿಸತಕ್ಕದ್ದು. ನಾನು ಆರು ಮೂಟೆ ಇಳಿಸಿದಾಗ ಅಂಥ ಯಾವ ಅಳತೆಯೂ ನನ್ನ ಮನಸ್ಸಿನಲ್ಲಿರಲಿಲ್ಲ.

ಗಿಡಮೂಲಿಕೆಯಿಂದ ಅಪಾಯವಿಲ್ಲ ಎನ್ನುವ ಮಾತು ಮೀನಿನ ವಿಷಯದಲ್ಲಿ ಎಷ್ಟು ಸಡಿಲವೆಂಬುದಕ್ಕೆ ಮೀನು ಸಾಕುವವರ ಕೈಯಲ್ಲೇ ಸಾಕ್ಷಿಯಿದೆ. ಹೊಸದಾಗಿ ಮರಿ ಬಿಡುವ ಮುನ್ನ ಕೆರೆಯಲ್ಲಿರುವ ಬೇಡದ ಮೀನುಗಳನ್ನು ಕೊಲ್ಲಲು ಹಾಕುವ ಹಿಪ್ಪೆ ಹಿಂಡಿ ಸಾಕ್ಷಾತ್ ಗಿಡಮೂಲಿಕೆಯೇ. ಒಂದು ಲೀಟರ್ ನೀರಿಗೆ 200ರಿಂದ 250 ಮಿಲಿಗ್ರಾಂ ಲೆಕ್ಕದಲ್ಲಿ ಅದನ್ನು ಹಾಕಿದರೆ ಅದರಲ್ಲಿರುವ ಸಪೋನಿನ್ ಕಿವಿರುಗಳ ಮೂಲಕ ಒಳಹೋಗಿ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಎರಡು ಮೂರು ವಾರಗಳ ನಂಜು ಇಳಿದ ಮೇಲೆ ಅದೇ ಹಿಂಡಿ ಕೆರೆಗೆ ಗೊಬ್ಬರವಾಗುತ್ತದೆ. ಅಂಟುವಾಳದ ನೊರೆಯಲ್ಲಿರುವುದೂ ಸಪೋನಿನ್ನೇ. ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಕಾಕಮಾರಿಯ ಬೀಜ, ಕಾರೆಕಾಯಿ ಇವುಗಳನ್ನು ಜಜ್ಜಿ ಹೊಳೆಯ ಗುಂಡಿಗೆ ಹಾಕಿ ಮೀನಿಗೆ ಮತ್ತು ಬರಿಸಿ ಹಿಡಿಯುತ್ತಿದ್ದುದು ಹಳಬರಿಗೆ ಗೊತ್ತು. ನೀರಿಗೆ ನಂಜು ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯಷ್ಟು ಹಿಂದೆಯೇ ಅಪರಾಧವೆಂದು ಬರೆದಿದ್ದಾರೆ.

ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು. ಮೀನಿನ ಗಿಡಮದ್ದನ್ನು ನಮ್ಮ ಅಜ್ಜಂದಿರ ಜ್ಞಾನವೆಂದು ಆ ಬರಹದಲ್ಲಿ ಹೊಗಳಲಾಗಿದೆ. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗಾ ಬಯಲಿನ ನದಿಗಳ ಮೀನುಗಳು. ಇವುಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮೊಟ್ಟೆ ಇಡಿಸುವ ವಿಧಾನ ನಮ್ಮ ದೇಶದಲ್ಲಿ ಕೈಗೂಡಿದ್ದು 1957ರಲ್ಲಿ. ಜುಲೈ 10ನ್ನು ಮೀನು ಕೃಷಿಕರ ದಿನವೆಂದು ಆಚರಿಸುವುದು ಆ ನೆನಪಿಗೇ. ಹೀಗಿರುವಾಗ ಕೊಡಗಿನ ತೋಟದ ಕೆರೆಯ ಕಾಟ್ಲಾಕ್ಕೆ ನಮ್ಮ ಅಜ್ಜ ಯಾವ ಮದ್ದು ಕಂಡುಕೊಂಡಿರಲು ಸಾಧ್ಯ? ದನಕ್ಕೆ, ಕೋಳಿಗೆ, ಬಾಣಂತಿಗೆ ನಮ್ಮವರು ಬಲ್ಲ ಸೊಪ್ಪುಗಳು ನೂರಿದ್ದರೂ ಗಿಡ ಮತ್ತು ಮೀನಿನ ಸಂಬಂಧದಲ್ಲಿ ಅವರು ಚೆನ್ನಾಗಿ ಬಲ್ಲದ್ದು ಹಿಡಿಯುವ ವಿದ್ಯೆಯನ್ನು. ಹಾಗಾಗಿ ಮೀನಿನ ಗಿಡಮದ್ದೆಂಬುದು ಹೊಸ ವಿದ್ಯೆ. ಅದನ್ನು ಹೊಸ ವಿದ್ಯೆಯ ಶಿಸ್ತಿನಿಂದಲೇ ಕಲಿಯಬೇಕಾಗುತ್ತದೆ.

ಅಳತೆಯ ಮಾತಿಗೆ ಬರುತ್ತೇನೆ. ಅರ್ಧ ಎಕರೆ ಅಗಲದ, ಸರಾಸರಿ ಹತ್ತು ಅಡಿ ಆಳದ ತೋಟದ ಕೆರೆಯಲ್ಲಿ ಸುಮಾರು 60 ಲಕ್ಷ ಲೀಟರ್ ನೀರಿರುತ್ತದೆ. ಐದು ಕಿಲೋ ಅರಿಶಿನ ಪುಡಿಯನ್ನು ಅದಕ್ಕೆ ಎರಚಿದರೆ ಒಂದು ಲೀಟರ್ ನೀರಿಗೆ ಬೀಳುವುದು ಒಂದು ಮಿಲಿಗ್ರಾಂಗಿಂತಲೂ ಕಡಿಮೆ. ಅರಿಶಿನದ ಮುಖ್ಯ ಸತ್ವವಾದ ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ, ಬೆಳಕಿನಲ್ಲಿ ಬಾಳುವುದೂ ಇಲ್ಲ. ಆದ್ದರಿಂದ ಆ ಐದು ಕಿಲೋ ಅರಿಶಿನದಿಂದ ಸಮಾಧಾನ ಸಿಗುವುದು ಎರಚಿದವನಿಗೆ ಮಾತ್ರ. ಅದೇ ಪುಡಿಯ ಒಂದು ಹಿಡಿ, 50 ಗ್ರಾಂ, ಮೀನುಮರಿ ಇಟ್ಟ ಸಾವಿರ ಲೀಟರಿನ ಸಿಮೆಂಟ್ ತೊಟ್ಟಿಗೆ ಬಿದ್ದರೆ ಲೀಟರಿಗೆ 50 ಮಿಲಿಗ್ರಾಂ ಆಗುತ್ತದೆ. ‘ಒಂದು ಹಿಡಿ ಹಾಕಿ’ ಎಂದು ಬರೆಯುವವರು ಯಾವ ನೀರಿಗೆ ಎಂದು ಹೇಳದಿದ್ದರೆ ಆ ಸಲಹೆಗೆ ಅರ್ಥವಿಲ್ಲ.

ಬೆಳ್ಳುಳ್ಳಿಯ ವಿಷಯ ಬೇರೆ, ಏಕೆಂದರೆ ಅದನ್ನು ನೀರಿಗಲ್ಲ, ಆಹಾರಕ್ಕೆ ಸೇರಿಸುತ್ತೇವೆ. ರೋಹು ಮರಿಗಳಿಗೆ ಒಂದು ಕಿಲೋ ಆಹಾರಕ್ಕೆ ಒಂದರಿಂದ ಹತ್ತು ಗ್ರಾಂವರೆಗೆ ಬೆಳ್ಳುಳ್ಳಿ ಬೆರೆಸಿ ತಿನ್ನಿಸಿ, ಆಮೇಲೆ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಹತ್ತಿಸಿದ ಪ್ರಯೋಗ ನಮ್ಮ ದೇಶದಲ್ಲೇ ನಡೆದಿದೆ. ಬೆಳ್ಳುಳ್ಳಿ ತಿಂದ ಮರಿಗಳು ಹೆಚ್ಚು ಸಂಖ್ಯೆಯಲ್ಲಿ ಬದುಕಿದವು. ಮೀನಿನ ಹೊಟ್ಟೆಯಲ್ಲಿ ನೀರು ತುಂಬಿಸಿ, ಹುರುಪೆ ಎದ್ದು ನಿಲ್ಲುವಂತೆ ಮಾಡುವ ಜಲೋದರಕ್ಕೂ, ಮೈಮೇಲೆ ರಕ್ತಗಟ್ಟುವ ರೋಗಕ್ಕೂ ಸಾಮಾನ್ಯವಾಗಿ ಕಾರಣವಾಗುವುದು ಈ ಬ್ಯಾಕ್ಟೀರಿಯಾ. ಕೆರೆಯಲ್ಲಿ 200 ಕಿಲೋ ಮೀನಿದ್ದು, ತೂಕದ ಶೇಕಡ 2ರಂತೆ ದಿನಕ್ಕೆ ನಾಲ್ಕು ಕಿಲೋ ತೌಡು ಮತ್ತು ಕಡಲೆಕಾಯಿ ಹಿಂಡಿ ಕೊಡುತ್ತೀರೆಂದುಕೊಳ್ಳಿ. ಅದಕ್ಕೆ ಬೇಕಾಗುವ ಬೆಳ್ಳುಳ್ಳಿ ಹೆಚ್ಚೆಂದರೆ 40 ಗ್ರಾಂ, ಅಂದರೆ ಒಂದೆರಡು ಗೆಡ್ಡೆ. ಬೆಳ್ಳುಳ್ಳಿಯ ಖಾರದ ಸತ್ವ ಹುಟ್ಟುವುದು ಅದನ್ನು ಜಜ್ಜಿದಾಗ. ಇಡಿಯಾಗಿ ಬೇಯಿಸಿದರೆ ಆ ಸತ್ವವನ್ನು ಹುಟ್ಟಿಸುವ ಕಿಣ್ವವೇ ಸತ್ತುಹೋಗುತ್ತದೆ. ಆದ್ದರಿಂದ ಹಸಿಯಾಗಿ ಜಜ್ಜಿ, ಹತ್ತು ನಿಮಿಷ ಬಿಟ್ಟು, ಆರಿದ ಗಂಜಿಯಲ್ಲಿ ಕಲಸಿ ಆಹಾರಕ್ಕೆ ಅಂಟುವಂತೆ ಮಾಡಬೇಕು. ನನ್ನ ಕೆರೆಯಲ್ಲಿ ಮುಂಗಾರಿಗೆ ಮೊದಲು ಎರಡು ವಾರ, ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಗೆ (ನವೆಂಬರ್–ಡಿಸೆಂಬರ್) ಮೊದಲು ಎರಡು ವಾರ ಇದನ್ನು ಕೊಡುತ್ತೇನೆ.

ಮೊದಲು ಎನ್ನುವುದೇ ಇಲ್ಲಿ ಮುಖ್ಯ. ರೋಗ ಬಂದ ಮೀನು ಮಾಡುವ ಮೊದಲ ಕೆಲಸ ಆಹಾರ ಬಿಡುವುದು. ತಿನ್ನದ ಮೀನಿಗೆ ಆಹಾರದಲ್ಲಿ ಬೆರೆಸಿದ ಮದ್ದು ತಲುಪುವುದಿಲ್ಲ. ಗಟ್ಟಿಯಾಗಿರುವ ಮೀನುಗಳು ಅದನ್ನು ತಿಂದು ಇನ್ನಷ್ಟು ಗಟ್ಟಿಯಾಗುತ್ತವೆ, ಅಷ್ಟೇ. ಬೆಳ್ಳುಳ್ಳಿ, ಅಮೃತಬಳ್ಳಿ, ನೆಲಬೇವು, ತುಳಸಿ ಇವುಗಳ ಮೇಲೆ ನಡೆದಿರುವ ಬಹುಪಾಲು ಪ್ರಯೋಗಗಳು ಸೋಂಕಿಗೆ ಮುನ್ನ ತಿನ್ನಿಸಿ ನೋಡಿದವು. ಅವು ಮೀನಿನ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತವೆ ಎಂಬುದು ಒಂದು ಮಾತು, ಹುಣ್ಣಾದ ಮೀನನ್ನು ಗುಣಪಡಿಸುತ್ತವೆ ಎಂಬುದು ಇನ್ನೊಂದು. ಆ ಬರಹದಲ್ಲಿ ಈ ಎರಡನ್ನೂ ಒಂದೇ ಮಾಡಲಾಗಿದೆ. ಪಪ್ಪಾಯಿ ಬೀಜ ಮತ್ತು ಬೇವಿನ ಸೊಪ್ಪನ್ನು ದಿನವೂ ತಿನ್ನಿಸಬಹುದೆಂಬ ಸಲಹೆಯೂ ಅದರಲ್ಲಿತ್ತು. ತಿಲಾಪಿಯಾ ಮೀನು ಮಿತಿಮೀರಿ ಮರಿ ಹಾಕುವುದನ್ನು ತಡೆಯಲು ಇವೇ ಎರಡನ್ನು ಪ್ರಯೋಗಿಸಿ ನೋಡಿದ್ದಾರೆ ಎಂಬುದು ತಾಯಿಮೀನು ಸಾಕುವವರಿಗೆ ತಿಳಿದಿರಲಿ.

ಇನ್ನು ರೋಗದ ಗುರುತು. ನಮ್ಮಲ್ಲಿ ಮಳೆ ನಿಂತು ಚಳಿ ಇಳಿಯುವ ಹುತ್ತರಿಯ ಆಸುಪಾಸಿನಲ್ಲಿ ಮೀನಿನ ಮೈಮೇಲೆ ಹುಣ್ಣು ಕಾಣಿಸಿಕೊಂಡರೆ ಮೊದಲು ಸಂಶಯಿಸಬೇಕಾದದ್ದು 1988ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ಭಾರತಕ್ಕೆ ಬಂದ ಹುಣ್ಣು ರೋಗವನ್ನು. ಅಫನೊಮೈಸಿಸ್ ಎಂಬ, ಶಿಲೀಂಧ್ರದಂತೆ ಬೆಳೆಯುವ ನೀರುಬೂಷ್ಟು ಇದರ ಮೂಲ. ಅದು ಚರ್ಮದ ಮೇಲೆ ನಿಲ್ಲದೆ ಮಾಂಸದೊಳಕ್ಕೆ ಎಳೆ ಬಿಡುತ್ತದೆ. ನೀರು ತಣ್ಣಗಾದಾಗ ಮೀನಿನ ನಿರೋಧಕ ಶಕ್ತಿಯೂ ಕುಗ್ಗುವುದರಿಂದ ಹುಣ್ಣು ಬೇಗ ಹರಡುತ್ತದೆ. ಮರಲ್‌ನಂಥ ಮೀನುಗಳೂ ಗಂಗೆಯ ಮೂರು ಮೀನುಗಳ ಮರಿಗಳೂ ಇದಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತವೆ, ಸಾಮಾನ್ಯ ಗೆಂಡೆ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಮಾಂಸದೊಳಗೆ ಇಳಿದ ಬೂಷ್ಟನ್ನು ಕೆರೆಯಲ್ಲಿ ತೇಲುವ ಸೊಪ್ಪು ಮುಟ್ಟಲಾರದು. ಇಲ್ಲಿ ಕೆಲಸಕ್ಕೆ ಬರುವುದು ಗಿಡಮೂಲಿಕೆಯಲ್ಲದ ಸುಣ್ಣ. ಕೊಡಗಿನ ಮಣ್ಣು ಹುಳಿ, ನೀರು ಮೆದು. ಕಾಫಿಗೆ ಸುಣ್ಣ ಹಾಕುವ ನಾವು ಅದೇ ಇಳಿಜಾರಿನ ಕೆಳಗಿರುವ ಕೆರೆಯನ್ನು ಮರೆಯುತ್ತೇವೆ. ಮಳೆ ಮುಗಿದ ಕೂಡಲೇ ನೀರಿನ ಹುಳಿಯನ್ನು ಅಳೆದು, ಮೀನಿರುವ ಕೆರೆಗೆ ಸುಟ್ಟ ಸುಣ್ಣದ ಬದಲು ಕೃಷಿ ಸುಣ್ಣವನ್ನು ನೀರಿನಲ್ಲಿ ಕಲಸಿ ಕಂತುಗಳಲ್ಲಿ ಹಾಕುವುದು ಕ್ಷೇಮ. ಕಾಡು ಬಾದಾಮಿ ಎಲೆ ಅಲಂಕಾರಿಕ ಮೀನಿನ ಗಾಜಿನ ತೊಟ್ಟಿಯಲ್ಲಿ ಉಪಯೋಗಕ್ಕೆ ಬರಬಹುದು, ಆದರೆ ಅದು ನೀರನ್ನು ಇನ್ನಷ್ಟು ಹುಳಿಮಾಡುವ ವಸ್ತು; ನಮ್ಮ ಕೆರೆಗಳಿಗೆ ಅದರ ಅಗತ್ಯವಿಲ್ಲ.

ಮೀನು ಹೇನಿನ ಕಥೆ ಮತ್ತೊಂದು. ಬರಿಗಣ್ಣಿಗೆ ಕಾಣುವ, ಚಪ್ಪಟೆಯಾದ ಈ ಜೀವಿ ಅಂಟಿಕೊಂಡಾಗ ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ಸುಮ್ಮಸುಮ್ಮನೆ ಹಾರುತ್ತದೆ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಮೀನು ಹೇನನ್ನು ಕೊಲ್ಲುತ್ತದೆಂದು ಗೋಲ್ಡ್‌ಫಿಶ್ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ. ಆದರೆ ಅವು ತೊಟ್ಟಿಯಲ್ಲಿ, ಮಿಲಿಗ್ರಾಂ ಲೆಕ್ಕದಲ್ಲಿ ನಡೆದವು. ಪ್ರಮಾಣ ಮೀರಿದರೆ ಅದು ಮೀನಿಗೂ ವಿಷ. ನನಗೆ ಫಲ ಕೊಟ್ಟ ಉಪಾಯದಲ್ಲಿ ಮದ್ದೇ ಇಲ್ಲ. ಹೇನು ಮೊಟ್ಟೆ ಇಡುವುದು ನೀರಿನೊಳಗಿನ ಕಲ್ಲು, ಕಟ್ಟಿಗೆಯಂಥ ಗಟ್ಟಿ ವಸ್ತುಗಳ ಮೇಲೆ. ಕೆರೆಯಲ್ಲಿ ಬಿದ್ದಿದ್ದ ಸಿಲ್ವರ್ ಓಕ್ ಕೊಂಬೆಗಳನ್ನೆಲ್ಲ ತೆಗೆಸಿ, ಬಿದಿರಿನ ತಟ್ಟಿಗಳನ್ನು ಇಳಿಬಿಟ್ಟು, ವಾರಕ್ಕೊಮ್ಮೆ ಮೇಲೆತ್ತಿ ಬಿಸಿಲಿನಲ್ಲಿ ಒಣಗಿಸಿದೆ. ಎರಡು ತಿಂಗಳಲ್ಲಿ ಹೇನು ಗಣನೀಯವಾಗಿ ಇಳಿಯಿತು.

ಇವೆಲ್ಲಕ್ಕೂ ಮೊದಲು ಕಾಫಿ ಬೆಳೆಗಾರರಾದ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಮೀನು ಸತ್ತ ವಾರ ಮೇಲಿನ ತೋಟದಲ್ಲಿ ಏನು ನಡೆಯುತ್ತಿತ್ತು? ಮುಂಗಾರಿಗೆ ಮುನ್ನ ಕಾಫಿಗೂ ಕರಿಮೆಣಸಿಗೂ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿರುವ ಮೈಲುತುತ್ತದ ತಾಮ್ರ ಮೀನಿಗೆ ವಿಷ. ನಮ್ಮಂಥ ಮೆದು ನೀರಿನಲ್ಲಿ ಆ ವಿಷದ ತೀವ್ರತೆ ಹೆಚ್ಚು. ಹೊಡೆದ ಮರುದಿನವೇ ಮಳೆ ಬಿದ್ದು ಚರಂಡಿ ಕೆರೆಗೆ ಹರಿದರೆ, ಡ್ರಮ್ಮು ತೊಳೆದ ನೀರು ಕೆರೆ ಸೇರಿದರೆ, ಆಗುವ ಸಾವಿಗೆ ರೋಗದ ಹೆಸರಿಡುವುದು ನ್ಯಾಯವಲ್ಲ. ಡಿಸೆಂಬರಿನಿಂದ ಮುಂದಕ್ಕೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಕಾಲ. ಪಲ್ಪರ್ ನೀರು ಹುಳಿಯೂ ಹೌದು, ಕೊಳೆಯುವಾಗ ಪ್ರಾಣವಾಯುವನ್ನು ಬರಿದುಮಾಡುವಂಥದ್ದೂ ಹೌದು. ಇಂಥ ಕೆರೆಗೆ ಅರಿಶಿನ ಎರಚುವುದು, ಹೊಗೆ ತುಂಬಿದ ಕೋಣೆಯಲ್ಲಿ ಕೆಮ್ಮುವವನಿಗೆ ಕಷಾಯ ಕುಡಿಸಿದಂತೆ.

ಹಾಗಾದರೆ ಗಿಡಮೂಲಿಕೆಯ ಗೋಜೇ ಏಕೆ, ರಾಸಾಯನಿಕವನ್ನೇ ಬಳಸಬಾರದೇಕೆ ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರವೂ ಸ್ಪಷ್ಟವಾಗಿದೆ. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್‌ಗಳಂಥ ಪ್ರತಿಜೀವಕಗಳನ್ನು ಮೀನು ಸಾಕಣೆಯಲ್ಲಿ ನಿಷೇಧಿಸಲಾಗಿದೆ. ಮನುಷ್ಯರಿಗೆ ಕೊನೆಯ ಆಸರೆಯಾಗಿ ಉಳಿದಿರುವ ಕೊಲಿಸ್ಟಿನ್ ಅನ್ನು ಕೋಳಿ, ಜಾನುವಾರು, ಮೀನುಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರಲ್ಲಿ ಆದೇಶಿಸಿತು. ಕೆರೆಗೆ ಸುರಿದ ಪ್ರತಿಜೀವಕ ಅರೆಬರೆ ಪ್ರಮಾಣದಲ್ಲಿ ಕೆಸರಿನಲ್ಲಿ ಉಳಿದು ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಔಷಧಿಗೆ ಬಗ್ಗದಂತೆ ತಯಾರುಮಾಡುತ್ತದೆ. ಆ ಕೆರೆಯ ಕೋಡಿಯ ನೀರು ಕೊನೆಗೆ ಸೇರುವುದು ಲಕ್ಷ್ಮಣತೀರ್ಥಕ್ಕೋ ಕಾವೇರಿಗೋ, ಅಂದರೆ ಕೆಳಗಿನ ಊರುಗಳ ಕುಡಿಯುವ ನೀರಿಗೆ. ಗಿಡಮೂಲಿಕೆಗಳನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ. ಗಂಭೀರವಾಗಿ ತೆಗೆದುಕೊಂಡ ವಸ್ತುವನ್ನು ಪರೀಕ್ಷಿಸದೆ ಬಿಡಲಾಗದು.

ಅಂಗಡಿಗಳಲ್ಲಿ ‘ಸಂಪೂರ್ಣ ಗಿಡಮೂಲಿಕೆ’ ಎಂದು ಮಾರುವ ಪೊಟ್ಟಣಗಳ ಬಗ್ಗೆಯೂ ಎರಡು ಮಾತು. ಕಳೆದ ವರ್ಷ ನಾನು ಕೊಂಡ ಪೊಟ್ಟಣವೊಂದರ ಮೇಲೆ ಎಲೆಯ ಚಿತ್ರವಿತ್ತು, ಮೀನಿನ ಚಿತ್ರವಿತ್ತು. ಒಳಗಿರುವುದು ಯಾವ ಗಿಡ, ಎಷ್ಟು ಪಾಲು, ತಯಾರಿಸಿದ ದಿನ ಯಾವುದು ಎಂಬ ವಿವರ ಇರಲಿಲ್ಲ. ಕಾಫಿಗೆ ಹಾಕುವ ಗೊಬ್ಬರದ ಚೀಲದ ಮೇಲೆ ಸಾರಜನಕ ಎಷ್ಟೆಂದು ಬರೆಯದಿದ್ದರೆ ನಾವು ಕೊಳ್ಳುವುದಿಲ್ಲ. ಕೆರೆಗೆ ಹಾಕುವ ಮದ್ದಿಗೆ ಮಾತ್ರ ಆ ವಿನಾಯಿತಿ ಏಕೆ?

ನಮ್ಮ ಜಿಲ್ಲೆಯಲ್ಲಿ ಮೀನುಗಾರಿಕೆ ಇಲಾಖೆಯಿದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಘಟ್ಟ ಇಳಿದರೆ ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ. ಇವು ಸೇರಿ ಕೊಡಗಿನ ತೋಟದ ಕೆರೆಗಳಲ್ಲೇ, ಕೊಡಗಿನ ಮಳೆ ಮತ್ತು ಚಳಿಯಲ್ಲೇ, ಒಂದು ಪೂರ್ಣ ವರ್ಷ ಕೆಲವು ಮೂಲಿಕೆಗಳನ್ನು ಪರೀಕ್ಷಿಸಿ, ಯಾವ ತಿಂಗಳಲ್ಲಿ ಯಾವುದನ್ನು ಎಷ್ಟು ಕೊಡಬಹುದೆಂಬ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚುಹಾಕಿಸಲಿ ಎಂಬುದು ನನ್ನ ಮನವಿ. ಬಯಲುಸೀಮೆಯ ಬೆಚ್ಚಗಿನ, ಗಡಸು ನೀರಿನ ಕೆರೆಗೆ ಬರೆದ ಪ್ರಮಾಣ ನಮ್ಮ ಕೆರೆಗೆ ಹೊಂದಲೇಬೇಕೆಂದಿಲ್ಲ. ಮೀನಿನ ರೋಗವನ್ನು ಮೊಬೈಲಿನಿಂದಲೇ ತಿಳಿಸಲೆಂದು ಕೇಂದ್ರ ಸರ್ಕಾರ 2023ರಲ್ಲಿ ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಆ್ಯಪ್ ಹೊರತಂದಿದೆ. ಅದು ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ನಮ್ಮ ತೋಟಗಳಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡ ಹತ್ತಿದವರಿಗೆ. ಜಿಲ್ಲೆಯೊಳಗೆ ಸೂಕ್ಷ್ಮದರ್ಶಕವಿರುವ ಒಂದು ಕೋಣೆ, ಸಂತೆಯ ದಿನ ಅಲ್ಲಿ ಕೂರುವ ಒಬ್ಬ ತಿಳಿದವರು ಇದ್ದರೆ ಹೆಚ್ಚು ಅನುಕೂಲ. ಬೆಳೆಗಾರರೂ ಕೊಳೆತ ಮೀನನ್ನು ಕವರಿನಲ್ಲಿ ಒಯ್ಯುವುದನ್ನು ಬಿಡಬೇಕು. ಸತ್ತು ಅರ್ಧ ದಿನವಾದ ಮೀನಿನಲ್ಲಿ ಕಾಣುವುದು ಕೊಳೆತದ ಬ್ಯಾಕ್ಟೀರಿಯಾ. ಪರೀಕ್ಷೆಗೆ ಬೇಕಾದದ್ದು ಇನ್ನೂ ಜೀವವಿರುವ ರೋಗಿ ಮೀನು, ಜೊತೆಗೆ ಅದೇ ಕೆರೆಯ ಒಂದು ಬಾಟಲಿ ನೀರು.

ಆ ಪರೀಕ್ಷೆಗೆ ನನ್ನ ಎರಡು ಕೆರೆಗಳನ್ನು ಒದಗಿಸಲು ಸಿದ್ಧನಿದ್ದೇನೆ. ಎರಡಕ್ಕೂ ಒಂದೇ ಊಟೆಯ ನೀರು ಬರುತ್ತದೆ; ಬರುವ ಮುಂಗಾರಿನಲ್ಲಿ ಒಂದೇ ದಿನ, ಒಂದೇ ಕಡೆಯಿಂದ ತಂದ ಮರಿಗಳನ್ನು ನೀರಿನ ಅಳತೆಗೆ ತಕ್ಕಂತೆ ಎರಡಕ್ಕೂ ಬಿಟ್ಟು, ಒಂದರ ಆಹಾರಕ್ಕೆ ಬೆಳ್ಳುಳ್ಳಿ ಸೇರಿಸಿ ಇನ್ನೊಂದನ್ನು ಹಾಗೆಯೇ ಬಿಡುತ್ತೇನೆ. ಸತ್ತ ಮೀನಿನ ಸಂಖ್ಯೆ, ತೂಕ, ನೀರಿನ ಹುಳಿ ಮತ್ತು ಬಿದ್ದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಬೆಳ್ಳುಳ್ಳಿ ಸೋತರೂ ಆ ಲೆಕ್ಕವನ್ನು ತಮ್ಮ ಪತ್ರಿಕೆಗೆ ಕಳುಹಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ
ವಿರಾಜಪೇಟೆ ತಾಲ್ಲೂಕು, ಕೊಡಗು